ಸೀಟಿನ ಕೆಳಗಿನ ವಿಭೂತಿ

ಗಂಗಾಂಬಿಕಾಳ ಕೈಯಿಂದ ಸ್ಪ್ಯಾನರ್ ಹಾರಿದ್ದು ಎಲ್ಲರಿಗೂ ಕಂಡಿತು. ಆಮೇಲೆ ಅದು ಎಲ್ಲೆಲ್ಲಿ ಹೋಯಿತು ಅನ್ನುವುದರ ಬಗ್ಗೆ ಮಾತ್ರ ಚಳ್ಳಕೆರೆಯಲ್ಲಿ ಇವತ್ತಿಗೂ ಜಗಳ ಇದೆ.

ಅದು ಗಾಡಿಗಳಿಗೆ ಹಾರ್ನು, ಬಲ್ಬು ಕೂರಿಸುವ ಅಂಜಿನೇಯನ ಎಡಗಿವಿಯನ್ನು ಸೀಳಿಕೊಂಡು ಹೋಗಿ, ಗೋಡೆಗೆ ನೇತುಹಾಕಿದ್ದ ಹಾರ್ನುಗಳಿಗೆ ಬಡಿಯಿತಂತೆ. ಆ ಏಟಿಗೆ ಅಂಗಡಿಯ ಹಾರ್ನುಗಳೆಲ್ಲ ಒಟ್ಟಿಗೆ ಕೂಗಿಕೊಂಡವಂತೆ! ಪಾವಗಡ ರಸ್ತೆಯಲ್ಲಿ ಹೋಗುತ್ತಿದ್ದ ಶೇಂಗಾ ಲಾರಿಯವನು ಹಿಂದೆ ಬಸ್ಸು ಬಂತು ಅಂತ ಸೈಡು ಕೊಟ್ಟನಂತೆ. ವೈರೇ ಇಲ್ಲದ ಹಾರ್ನು ಹೇಗೆ ಕೂಗುತ್ತೆ ಅಂತ ಕೇಳಬೇಡಿ. ಕೂಗಿದವು, ಅಷ್ಟೇ.

ರಕ್ತ ಮಾತ್ರ ಸುಳ್ಳಲ್ಲ. ಅಂಜಿನೇಯನ ಕಿವಿಯಿಂದ ಇಳಿದು, ಕತ್ತಿನ ಮೇಲೆ ಹರಿದು, ಗ್ರೀಸು ಮೆತ್ತಿದ ಅಂಗಿಯನ್ನು ತೋಯಿಸುತ್ತಿತ್ತು.

ಅವನು ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಎದ್ದು ನಿಂತ.

"ಮೇಡಂ... ಗಾಡೀಗೆ ಏನಾದ್ರೂ ತೊಂದ್ರೆ ಆಗೈತಾ?"

"ತೊಂದ್ರೆ ಗಾಡೀಗಲ್ಲ ಕಣೋ, ನಿಂಗೆ ಆಗ್ತೈತೆ ಇವತ್ತು!"

ಗಂಗಾಂಬಿಕಾ ಅವನ ಕಾಲರ್ ಹಿಡಿದು ಹೊರಗೆ ಎಳೆದಳು. ಅಂಗಡಿ ಮುಂದೆ ಅವಳ ನೀಲಿ ಸ್ಕೂಟಿ ನಿಂತಿತ್ತು. ಸೀಟು ಎತ್ತಿ ತೋರಿಸಿದಳು. ಒಳಗೆ ಮೂಲೆಯಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಬೋಲ್ಟು ಬಿಗಿದು ಕೂತಿತ್ತು. ಅದರಿಂದ ಎರಡು ವೈರು ಬ್ಯಾಟರಿಗೆ ಹೋಗಿದ್ದವು. ಪೆಟ್ಟಿಗೆಯ ನೆತ್ತಿಗೆ ಮೂರು ಪಟ್ಟೆ ವಿಭೂತಿ. ಸೊಂಟಕ್ಕೆ ಕೆಂಪು ದಾರ.

"ಏನಿದು?"

"ಜಿಪಿಎಸ್ಸು."

"ಕಟ್ಟಿದೋನು ನೀನೇ ತಾನೆ? ಇಲ್ಲ ಅನ್ಬೇಡ! ವಿಭೂತಿ ಬಳಿದು ದಾರ ಕಟ್ಟೋನು ಈ ಊರಾಗೆ ನಿನ್ನ ಬಿಟ್ರೆ ಯಾರಿದಾರೆ? ಹಾರ್ನಿಗೂ ಬಳೀತೀಯ, ಬಲ್ಬಿಗೂ ಬಳೀತೀಯ. ಕಳ್ಳ ಕೆಲಸಕ್ಕೂ ಬಳೀಬೇಕಿತ್ತಾ?"

"ನಾನು ಫಿಟ್ ಮಾಡಿದ ಸಾಮಾನು ಕೆಡಬಾರ್ದು ಅಂತ ನಾಯಕನಹಟ್ಟಿ ತಿಪ್ಪೇಸ್ವಾಮಿ ಹೆಸರಲ್ಲಿ ಹಚ್ತೀನಿ, ಮೇಡಂ. ಹಚ್ಚದಿದ್ರೆ ಕೈ ನಡುಗ್ತೈತೆ."

"ಯಾರು ಹೇಳಿದ್ದು ಇದನ್ನ ಕಟ್ಟಾಕೆ?"

ಉತ್ತರ ಅವಳಿಗೆ ಗೊತ್ತಿತ್ತು.

ಅಣ್ಣ! ಸಂಗಮೇಶ್!

ಗಂಗಾಂಬಿಕಾ ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿದಳು.

ಇದು ಎರಡು ಸಾವಿರದ ಎಂಟನೇ ಇಸವಿಯ ಮಾತು. ತೀರಿಕೊಂಡ ತೋಟಪ್ಪನವರ ಎಣ್ಣೆ ಮಿಲ್ಲನ್ನು ಮಗ ಸಂಗಮೇಶ್ ನೋಡಿಕೊಳ್ಳುತ್ತಿದ್ದ. ಅವನ ಕೋಪ ಎಂಥದ್ದೆಂದರೆ, ಅವನು ಸೀನಿದರೂ ಮಿಲ್ಲಿನ ಹಮಾಲರು ಮೂಟೆ ಬಿಟ್ಟು ಓಡುತ್ತಿದ್ದರು. ಹಿರಿ ತಂಗಿ ಸರ್ವಮಂಗಳ, ಮನೆಗೆ ರೇಷ್ಮೆ ಸೀರೆ ತರುತ್ತಿದ್ದ ನೇಕಾರ ಪಾಲಣ್ಣನ ಜೊತೆ ಹೋಗಿ ಮದುವೆಯಾದಳು. ಜಾತಿ ಬೇರೆ. ಅವರನ್ನು ಊರು ದಾಟಿಸಿದ ಲಾರಿ ಡ್ರೈವರನ ಕಾಲನ್ನು ಸಂಗಮೇಶ್ ಕಬ್ಬಿಣದ ರಾಡಿನಿಂದ ಮುರಿದ. ಅಷ್ಟಕ್ಕೇ ಬಿಡಲಿಲ್ಲ. ಮಿಲ್ಲಿನ ಅಂಗಳದಲ್ಲಿ ಶೇಂಗಾ ಸಿಪ್ಪೆ ತುಂಬಿದ ಮೂಟೆಯೊಂದನ್ನು ನೇತುಹಾಕಿ, ಅದಕ್ಕೆ ಪಾಲಣ್ಣ ಅಂತ ಹೆಸರಿಟ್ಟು, ದಿನಾ ಬೆಳಗ್ಗೆ ಮಚ್ಚಿನಿಂದ ಸೀಳುತ್ತಿದ್ದ. ಸಂಜೆ ಹಮಾಲರು ಹೊಲಿಯುತ್ತಿದ್ದರು. ಮರುದಿನ ಮತ್ತೆ ಸೀಳು!

ಪಾಲಣ್ಣನ ಊರು ರಾಯದುರ್ಗ ಅಂತ ಸಂಗಮೇಶ್ ಆಂಧ್ರವನ್ನೆಲ್ಲ ಜಾಲಾಡಿ ಬಂದಿದ್ದ. ಅವರು ಇದ್ದದ್ದು ಇಲ್ಲೇ ಮೊಳಕಾಲ್ಮೂರಿನ ಮಗ್ಗದ ಓಣಿಯಲ್ಲಿ. ಅದು ಗೊತ್ತಿದ್ದವಳು ಗಂಗಾಂಬಿಕಾ ಒಬ್ಬಳೇ. ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಅಂತ ಮನೆಯಲ್ಲಿ ಹೇಳಿ, ಸೋಮವಾರ ಬಂತೆಂದರೆ ಸ್ಕೂಟಿ ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದಳು. ಈಗ ಅಕ್ಕನ ಮಡಿಲಲ್ಲಿ ಒಂದು ಗಂಡು ಕೂಸೂ ಇತ್ತು.

ಆ ಕೂಸಿನ ಬಟ್ಟೆ ಇಡಲು ಸೀಟಿನೊಳಗೆ ಕೈ ಹಾಕಿದಾಗಲೇ ಪೆಟ್ಟಿಗೆ ಸಿಕ್ಕಿದ್ದು.

"ಇದ್ರಾಗೆ ಒಂದು ಸಿಮ್ ಐತೆ," ಅಂದ ಅಂಜಿನೇಯ. "ನಿಮ್ಮಣ್ಣ ರಿಂಗ್ ಕೊಟ್ರೆ ಗಾಡಿ ಎಲ್ಲೈತೆ ಅಂತ ಮೆಸೇಜ್ ಬರ್ತೈತೆ. ಬರೀ ನಂಬರು. ಅದು ಯಾವ ಊರು ಅಂತ ಅವ್ರಿಗೆ ತಿಳಿಯಲ್ಲ. ನಂಗೇ ಫೋನ್ ಮಾಡಿ ನಂಬರ್ ಹೇಳ್ತಾರೆ, ನಾನು ಮ್ಯಾಪ್ ನೋಡಿ ಊರು ಹೇಳ್ತೀನಿ."

"ಹೇಳಿದ್ಯಾ?" ಅವಳು ಕಾಲರನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಮೊಳಕಾಲ್ಮೂರು ಅಂತ... ಹೇಳಿಬಿಟ್ಯಾ?"

"ಇಲ್ಲ."

"ಮತ್ತೆ?"

"ನಾಯಕನಹಟ್ಟಿ ಗುಡಿ ಮುಂದೆ ಐತೆ ಅಂದೆ. ಹೋದ ಸೋಮವಾರನೂ, ಅದರ ಹಿಂದಿನ ಸೋಮವಾರನೂ."

ಗಂಗಾಂಬಿಕಾ ಅವನ ಕಾಲರ್ ಬಿಟ್ಟಳು.

"ಯಾಕೆ?"

"ಗಾಡಿ ಕಳ್ತನ ಆಗಬಾರ್ದು ಅಂತ ಕಟ್ಟಿಸ್ಕೊಂಡ್ರು. ಆಮೇಲೆ ಗಾಡಿ ಎಲ್ಲೈತೆ ಅಂತ ಕೇಳಾಕೆ ಮಚ್ಚು ಹಿಡ್ಕೊಂಡು ಬಂದ್ರು. ಸ್ಕೂಟಿ ಹುಡುಕಾಕೆ ಯಾರಾದ್ರೂ ಮಚ್ಚು ತರ್ತಾರಾ, ಮೇಡಂ? ಬಾಯಿಗೆ ಬಂದದ್ದು ನಾಯಕನಹಟ್ಟಿ."

"ದೇವರ ಹೆಸರಲ್ಲಿ ಸುಳ್ಳು ಹೇಳಿದ್ಯಾ?"

"ಅದಕ್ಕೇ ದಿನಾ ಕಿವಿ ಹಿಡ್ಕೊಂಡು ತಪ್ಪಾತು ಅಂತಾ ಇದೀನಿ," ಅಂತ ಅವನು ಕಿವಿ ಮುಟ್ಟಿಕೊಳ್ಳಲು ಹೋದ. "ಆಯ್... ಉರಿ!"

ಅವಳಿಗೆ ಅಳು ಬಂತು. ಜೊತೆಗೆ ನಗುವೂ ಬಂತು. ಎರಡನ್ನೂ ನುಂಗಿ ತನ್ನ ಕರ್ಚೀಫನ್ನು ಅವನ ಕಿವಿಗೆ ಒತ್ತಿದಳು.

"ಈಗಲೇ ಬಿಚ್ಚಿ ಹಾಕು ಇದನ್ನ."

"ಬಿಚ್ಚಿದ್ರೆ ಮೆಸೇಜ್ ನಿಲ್ತೈತೆ. ಮೆಸೇಜ್ ನಿಂತ್ರೆ ನಿಮ್ಮಣ್ಣ ಹಿಂದೇನೇ ಬರ್ತಾರೆ. ಇರ್ಲಿ ಬಿಡಿ. ಸುಳ್ಳು ನಾನು ಹೇಳ್ತಿರ್ತೀನಿ."

"ಸಿಕ್ಕಿಬಿದ್ರೆ ನಿನ್ನ ಕಾಲು ಮುರೀತಾನೆ."

"ಕೆಲಸ ಕೈಯಲ್ಲಿ ಮಾಡೋದು ಮೇಡಂ, ಕಾಲಲ್ಲಲ್ಲ."

*

ಆಮೇಲೆ ಸೋಮವಾರಗಳು ಬೇರೆಯೇ ಆದವು.

ಹೋಗುವಾಗ ಅಂಗಡಿ ಮುಂದೆ ಒಂದು ಗಳಿಗೆ ನಿಲ್ಲುವುದು. ಬರುವಾಗ ಒಂದು ಗಳಿಗೆ. ಹೋಗುವಾಗ ಅವಳ ಕೈಯಲ್ಲಿ ಶೇಂಗಾ ಹೋಳಿಗೆ. ಬರುವಾಗ ಅವಳ ಮುಖದಲ್ಲಿ ಕೂಸಿನ ಸುದ್ದಿ.

ಒಂದು ದಿನ ಅವನು ಹಳೇ ಹಾರ್ನಿನ ಬಟ್ಟಲಿನೊಳಗೆ ಬೇರಿಂಗಿನ ಗುಂಡು ಹಾಕಿ, ಬಾಯಿ ಬೆಸೆದು, ಒಂದು ಗಿಲಕಿ ಮಾಡಿ ಕೊಟ್ಟ. ಅದಕ್ಕೂ ಮೂರು ಪಟ್ಟೆ ವಿಭೂತಿ!

"ಇದನ್ನ ಅಲ್ಲಾಡಿಸಿದ್ರೆ ಕೂಸು ನಗಲ್ಲ ಕಣೋ, ಓಣಿಯೋರು ಎದ್ದು ಓಡ್ತಾರೆ," ಅಂದಳು.

"ಓಡ್ಲಿ. ನಿಮ್ಮ ಅಕ್ಕನ ಮಗ ಬರ್ತಾನೆ ಅಂತ ಗೊತ್ತಾಗ್ಲಿ."

ಅವನು ಬಿ.ಜಿ. ಕೆರೆಯ ರೈತರ ಮಗ. ಅವ್ವ ನಿಂಗಕ್ಕ ಊರಿನಲ್ಲಿ, ಇವನು ಅಂಗಡಿಯಲ್ಲಿ. ಅವನ ಗೋಡೆಯ ಮೊಳೆಗೆ ಅವಳ ಸ್ಕೂಟಿಯ ಆ ಸ್ಪ್ಯಾನರ್ ನೇತಾಡುತ್ತಿತ್ತು. ಹಿಂದಕ್ಕೆ ಕೊಡು ಅಂದರೆ, "ನನ್ನ ರಕ್ತ ಕುಡಿದೈತೆ, ನಂದೇ," ಅನ್ನುತ್ತಿದ್ದ.

ಗಂಗಾಂಬಿಕಾ ಮಿಲ್ಲಿಗೆ ಮರಳಿದಾಗ ಆ ಸೀಳಿದ ಮೂಟೆ ಕಣ್ಣಿಗೆ ಬೀಳುತ್ತಿತ್ತು.

'ಬೇಡ... ಈ ಹುಡುಗನ್ನ ನೋಡಬೇಡ ಗಂಗಾ. ನೀನು ನೋಡಿದರೆ ಅಣ್ಣ ಇನ್ನೊಂದು ಮೂಟೆ ನೇತುಹಾಕುತ್ತಾನೆ...'

ಮನಸ್ಸು ಕೇಳಬೇಕಲ್ಲ!

*

ಆ ಸೋಮವಾರ ಸಂಗಮೇಶನಿಗೆ ಏನೋ ಭಕ್ತಿ ಬಂತು. ಯಾರಿಗೂ ಹೇಳದೆ ಜೀಪು ಹತ್ತಿ ನಾಯಕನಹಟ್ಟಿಗೆ ಹೋದ. ಕಾಯಿ ಒಡೆಸಿದ. ತಂಗಿಯೂ ಬಂದಿರುತ್ತಾಳಲ್ಲ, ಜೊತೆಗೆ ಊಟ ಮಾಡೋಣ ಅಂತ ಸುತ್ತಮುತ್ತ ನೋಡಿದ. ಕಾಣಲಿಲ್ಲ. ಪೆಟ್ಟಿಗೆಗೆ ರಿಂಗ್ ಕೊಟ್ಟ. ನಂಬರ್ ಬಂತು. ಅಂಜಿನೇಯನಿಗೆ ಓದಿ ಹೇಳಿದ.

"ನಾಯಕನಹಟ್ಟಿ ಕಣಣ್ಣ," ಅಂದ ಅಂಜಿನೇಯ, ಎಂದಿನಂತೆ. "ಗುಡಿ ಮುಂದೇನೇ ಐತೆ."

ಸಂಗಮೇಶ್ ನಿಂತಿದ್ದದ್ದು ಅದೇ ಗುಡಿಯ ಮುಂದೆ.

"ಹೌದಾ? ಸರಿ ಬಿಡು," ಅಂದ. ದನಿ ಬೆಣ್ಣೆಯಂತಿತ್ತು.

ಆದರೆ ಆ ಹೊತ್ತಿಗೇ ಮಂಗಳಾರತಿ ಶುರುವಾಯಿತು. ಫೋನಿನೊಳಗೆ ಗುಡಿಯ ಗಂಟೆ ಢಣಢಣ ಬಾರಿಸಿತು! ಚಳ್ಳಕೆರೆಯ ಅಂಗಡಿಯಲ್ಲಿ ಅಂಜಿನೇಯನ ಕೈಯಿಂದ ಟೆಸ್ಟರ್ ಕೆಳಗೆ ಬಿತ್ತು. ಅವನು ಕೇಳುತ್ತಿದ್ದದ್ದು ತಿಪ್ಪೇಸ್ವಾಮಿಯ ಗಂಟೆ. ಸುಳ್ಳು ಹೇಳಿಸಿಕೊಂಡ ದೇವರು ಎದುರಿಗೇ ಸಾಕ್ಷಿ ನಿಂತಿದ್ದ.

ಗೋಡೆಯ ಸ್ಪ್ಯಾನರ್ ಕಿತ್ತುಕೊಂಡು, ಷಟರ್ ಕೂಡ ಎಳೆಯದೆ, ತನ್ನ ಹಳೇ ಚೇತಕ್ ಸ್ಕೂಟರನ್ನು ಒದ್ದು ಎಬ್ಬಿಸಿದ.

*

ಮೊಳಕಾಲ್ಮೂರಿನಲ್ಲಿ ಗಂಗಾಂಬಿಕಾ ಇದೊಂದೂ ತಿಳಿಯದೆ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಪಾಲಣ್ಣ ರೇಷ್ಮೆಯ ಪಾರ್ಸೆಲ್ ಇಳಿಸಿಕೊಳ್ಳಲು ಹಾನಗಲ್ ಕ್ರಾಸಿಗೆ ಹೋಗಿದ್ದ.

ಪಕ್ಕದ ಮನೆಯ ತೆಲುಗು ಮಾತಿನ ಚಿಕ್ಕಕ್ಕ ಮಗ್ಗ ಬಿಟ್ಟು ಏದುಸಿರು ಬಿಡುತ್ತಾ ಬಂದಳು.

"ಅಮ್ಮಾಯಿ! ನಿನ್ನ ಬಂಡಿ ಹತ್ರ ಎವರೋ ಒಬ್ಬ ಬಂದಿದ್ದ. ಸೀಟು ಮೀಟಿದ, ಒಳಗಿಂದ ಏನೋ ಕಪ್ಪಗಿರೋದು ಕಿತ್ಕೊಂಡ, ಓಡಿಹೋದ. ನಾನು ಮಗ್ಗದ ಗುಂಡಿಯಿಂದ ಏಳೋವೊತ್ತಿಗೆ ಆಳೇ ಲೇಡು, ಮಾಯ!"

"ಹೆಂಗಿದ್ದ?"

"ಕಿವಿ ಹರಿದಿತ್ತಮ್ಮಾ. ಎಡಗಿವಿ."

ಗಂಗಾಂಬಿಕಾ ಹಿತ್ತಲಿಗೆ ಓಡಿದಳು. ಸೀಟಿನ ಬೀಗ ಮುರಿದಿತ್ತು. ಪೆಟ್ಟಿಗೆ ಇರಲಿಲ್ಲ. ಕತ್ತರಿಸಿದ ಎರಡು ವೈರು ನಾಲಿಗೆಯಂತೆ ಚಾಚಿಕೊಂಡಿದ್ದವು.

ಇಲ್ಲಿಯವರೆಗೂ ಬಂದ. ಬಾಗಿಲು ತಟ್ಟಲಿಲ್ಲ. ಒಂದು ಮಾತೂ ಆಡಲಿಲ್ಲ. ಪೆಟ್ಟಿಗೆ ಕಿತ್ತುಕೊಂಡು ಓಡಿಹೋದ... ಯಾಕೆ?

ಅಣ್ಣನಿಗೆ ಓಣಿ ತೋರಿಸಿ, ತಾನು ತಪ್ಪಿಸಿಕೊಳ್ಳುವುದಕ್ಕೆ! ತನ್ನ ವಿಭೂತಿ ಇರುವ ಪೆಟ್ಟಿಗೆ ಇಲ್ಲಿ ಸಿಗಬಾರದು ಅನ್ನುವುದಕ್ಕೆ!

"ನಂಬಿದ್ನಲ್ಲೇ ಅಕ್ಕಾ! ಅವನ ಕಿವಿಗಲ್ಲ, ತಲೆಗೇ ಗುರಿ ಇಟ್ಟು ಹೊಡೀಬೇಕಿತ್ತು ಅವತ್ತು!"

"ಯಾರೇ? ಏನಾತೇ?" ಸರ್ವಮಂಗಳ ಕೂಸನ್ನು ಎದೆಗೆ ಅವಚಿಕೊಂಡಳು.

"ಅಣ್ಣ ಬರ್ತಾನೆ. ಕೂಸು ತಗಂಡು ಒಳಗೆ ಹೋಗು. ಚಿಲಕ ಹಾಕ್ಕೋ!"

ಮೂಲೆಯಲ್ಲಿದ್ದ ಒನಕೆ ಕೈಗೆ ಬಂತು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಒನಕೆಯನ್ನು ಹೇಗೆ ಹಿಡಿಯಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಿಲಲ್ಲಿ ನಿಂತಳು. ಅಣ್ಣ ಬಂದರೆ ಮೊದಲು ನನ್ನ ಹೆಣ, ಆಮೇಲೆ ಹೊಸಿಲು.

ನಿಂತಳು... ನಿಂತೇ ಇದ್ದಳು... ಯಾರೂ ಬರಲಿಲ್ಲ.

ಕೊನೆಗೆ ಬಂದವನು ಪಾಲಣ್ಣ. ಆಟೋದಿಂದ ಜಿಗಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಿಮ್ಮಣ್ಣನ ಜೀಪು! ಹಾನಗಲ್ ಕ್ರಾಸಿನಾಗೆ ನೋಡ್ದೆ. ಜೊತೆಗೆ ಮಿಲ್ಲಿಂದ ಹತ್ತಿಸ್ಕೊಂಡ ಇಬ್ರು ಹಮಾಲ್ರು, ಸೀಟಿನ ಮೇಲೆ ಮಚ್ಚು. ನಾನು ಬೇಲಿ ಹಿಂದೆ ಕೂತ್ಕೊಂಡೆ. ಯಾರೋ ಜಂಬುಲಿಂಗಪ್ಪ ಅನ್ನೋನಿಗೆ ಫೋನ್ ಮಾಡಿ ನಂಬರ್ ಹೇಳ್ತಿದ್ದ."

ಜಂಬುಲಿಂಗಪ್ಪ! ಚಳ್ಳಕೆರೆಯ ಸೈಬರ್ ಸೆಂಟರಿನವನು. ಹಾಗಾದರೆ ಅಣ್ಣನಿಗೆ ಊರು ಹೇಳುತ್ತಿರುವುದು ಅಂಜಿನೇಯ ಅಲ್ಲ...

"ಈ ಕಡೆ ತಿರುಗಿದ್ನಾ?" ಅಂದಳು.

"ತಿರುಗಿದ್ದ. ಅಷ್ಟರಾಗೆ ಫೋನ್ ಬಂತು. 'ಮುಂದಕ್ಕೆ ಹೋಯ್ತಾ? ರಾಂಪುರದ ಕಡೀಗಾ?' ಅಂತ ಬಾನೆಟ್ಟಿಗೆ ಗುದ್ದಿದ. ಜೀಪು ತಿರುಗಿಸ್ಕೊಂಡು ರಾಂಪುರದ ದಾರೀಲಿ ಹೋದ."

ಗಂಗಾಂಬಿಕಾ ಮತ್ತೆ ಹಿತ್ತಲಿಗೆ ಓಡಿದಳು. ಸೀಟು ಎತ್ತಿದಳು. ಈಗ ಸರಿಯಾಗಿ ನೋಡಿದಳು.

ಪೆಟ್ಟಿಗೆ ಇದ್ದ ಜಾಗ ಚೌಕವಾಗಿ ಧೂಳಿಲ್ಲದೆ ಹೊಳೆಯುತ್ತಿತ್ತು. ಅದರ ಅಂಚಿಗೆ ಉದುರಿದ ವಿಭೂತಿ. ಬೋಲ್ಟು ಬಿಚ್ಚಿದವನು ಅವಸರದಲ್ಲಿ ಬಿಟ್ಟು ಹೋಗಿದ್ದ ಸ್ಪ್ಯಾನರ್ ಅಲ್ಲೇ ಬಿದ್ದಿತ್ತು. ಅವಳದೇ ಸ್ಪ್ಯಾನರ್. ಅವನ ರಕ್ತ ಕುಡಿದದ್ದು.

ಅಣ್ಣ ಬೆನ್ನತ್ತಿರುವುದು ಪೆಟ್ಟಿಗೆಯನ್ನು. ಪೆಟ್ಟಿಗೆ ಈಗ ಇರುವುದು...

"ಅಯ್ಯೋ ಹುಚ್ಚಾ! ನಿನ್ನ ಚೇತಕ್ಕಿಗೆ ಕಟ್ಕೊಂಡು ಹೊರಟ್ಯೇನೋ!"

*

ಸ್ಕೂಟಿ ಎಷ್ಟು ಜೋರಾಗಿ ಹೋಯಿತೆಂದರೆ, ಹಾನಗಲ್ ಕ್ರಾಸಿನ ಟೀ ಅಂಗಡಿಯವನಿಗೆ ಮೊದಲು ಒನಕೆ ಕಂಡಿತಂತೆ, ಆಮೇಲೆ ಗಾಡಿ ಕಂಡಿತಂತೆ. ಅಲ್ಲಿಂದ ಬಳ್ಳಾರಿ ಕಡೆಯ ಹೆದ್ದಾರಿ. ಬಿಸಿಲು, ಬಂಡೆ, ಜಾಲಿ. ಅವಳ ಕಣ್ಣಿನ ನೀರು ಗಾಳಿಗೆ ಕಿವಿಯವರೆಗೂ ಹರಿಯುತ್ತಿತ್ತು.

'ತಿಪ್ಪೇಸ್ವಾಮಿ, ಅವನು ಹೇಳಿದ ಸುಳ್ಳಿಗೆಲ್ಲ ನಾನು ಹೊಣೆ. ಅವನನ್ನ ಉಳಿಸು...'

ರಾಂಪುರ ಇನ್ನೂ ದೂರವಿರುವಾಗಲೇ ಜೀಪು ಕಂಡಿತು. ರಸ್ತೆ ಪಕ್ಕದ ಬಂಡೆಯ ಬಳಿ ಚೇತಕ್ ಮಗ್ಗುಲಾಗಿ ಬಿದ್ದಿತ್ತು. ದಾರಿಯಲ್ಲಿ ಎಂಜಿನ್ ನಿಂತು, ಅಂಜಿನೇಯ ಸ್ಕೂಟರನ್ನು ಓರೆ ಮಾಡಿ ಪೆಟ್ರೋಲ್ ಇಳಿಸುತ್ತಿರುವಾಗ ಸಿಕ್ಕಿಬಿದ್ದಿದ್ದ. ಹ್ಯಾಂಡಲ್ ಮೇಲೆ, ಎಲ್ಲರಿಗೂ ಕಾಣುವಂತೆ, ಕೆಂಪು ದಾರದಲ್ಲಿ ಬಿಗಿದ ಆ ಕಪ್ಪು ಪೆಟ್ಟಿಗೆ, ಅದರ ವೈರು ಚೇತಕ್ಕಿನ ಬ್ಯಾಟರಿಗೆ. ಅದಕ್ಕೆ ಹೊಸದಾಗಿ ಬಳಿದ ವಿಭೂತಿ. ಅಷ್ಟು ಅವಸರದಲ್ಲೂ!

ಇಬ್ಬರು ಹಮಾಲರು ಅವನ ರಟ್ಟೆ ಹಿಡಿದಿದ್ದರು. ಸಂಗಮೇಶನ ಗುದ್ದಿಗೆ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಒಡೆದಿತ್ತು. ಮತ್ತೊಂದು ಗುದ್ದು ಹೊಟ್ಟೆಗೆ. ಮತ್ತೊಂದು ಪಕ್ಕೆಗೆ. ಮೂಳೆ ಲಟಕ್ ಅಂದಿತು.

"ಎಲ್ಲೋ ನನ್ನ ತಂಗಿ? ಬೊಗಳಲೇ!"

ಅಂಜಿನೇಯ ರಕ್ತ ಉಗಿದ.

"ಪೆಟ್ಟಿಗೆ ಪ್ರಕಾರ... ಈಗ ನಾನೇ ನಿನ್ನ ತಂಗಿ ಕಣಣ್ಣ."

ಹಮಾಲರಲ್ಲಿ ಹಿರಿಯನಾದ ಜುಂಜಣ್ಣನಿಗೆ ನಗು ತಡೆಯಲಾಗಲಿಲ್ಲ. ಅವನಿಗೂ ಒಂದು ಬಿತ್ತು.

ಸಂಗಮೇಶ್ ಮಚ್ಚು ಎತ್ತಿದ. ಅಂಜಿನೇಯ ಕೈ ಕಿತ್ತುಕೊಂಡು ಅಡ್ಡ ಹಿಡಿದ. ಮಚ್ಚು ಮುಂಗೈಯನ್ನು ಉದ್ದಕ್ಕೆ ಸೀಳಿತು. ಅವನು ಮೊಣಕಾಲೂರಿದ. ಮಚ್ಚು ಮತ್ತೆ ಮೇಲೆ ಹೋಯಿತು...

ಕೆಳಗೆ ಬರಲಿಲ್ಲ.

ಒನಕೆ ಬೀಸಿದ ಶಬ್ದ ಗಾಳಿಗೆ ಕೇಳಿತು, ಏಟಿನ ಶಬ್ದ ಬಂಡೆಗೆ ಕೇಳಿತು. ಸಂಗಮೇಶನ ಬಲ ಮಣಿಕಟ್ಟು ಒಣ ತೊಗರಿ ಕಡ್ಡಿಯಂತೆ ಮುರಿಯಿತು. ಮಚ್ಚು ಹಾರಿ ಜಾಲಿ ಮರಕ್ಕೆ ನಾಟಿತು. ಅದು ಇನ್ನೂ ಅಲ್ಲೇ ಇದೆ ಅನ್ನುವವರಿದ್ದಾರೆ. ಇರಬಹುದು.

"ಅಮ್ಮಾರು!" ಅಂತ ಜುಂಜಣ್ಣ ಹಿಂದಕ್ಕೆ ಸರಿದ.

"ಗಂಗಾ... ನೀನು!" ಸಂಗಮೇಶ್ ಕೈ ಹಿಡಿದುಕೊಂಡು ನೆಲಕ್ಕೆ ಕುಸಿದ.

"ನಾನೇ!" ಒನಕೆಯ ತುದಿಯನ್ನು ಅಣ್ಣನ ಎದೆಗೆ ಒತ್ತಿದಳು. "ಯಾರನ್ನ ಕಡಿಯಾಕೆ ಹೊರಟಿದ್ಯೋ? ಪಾಲಣ್ಣನ್ನಾ? ಪಾಲಣ್ಣನ ಮನೇಲಿ ಒಂದು ಕೂಸು ಐತೆ. ಅಕ್ಕನ ಕೂಸು. ಏನು ಹೆಸರಿಟ್ಟವ್ಳೆ ಗೊತ್ತಾ? ತೋಟಪ್ಪ! ನಮ್ಮಪ್ಪನ ಹೆಸರು! ಹೋಗು, ಕಡಿ ಹೋಗು ಅಪ್ಪನ್ನ!"

ಸಂಗಮೇಶ್ ತಲೆ ತಗ್ಗಿಸಿದ.

"ಇನ್ನೊಂದು ಸಲ ಮಚ್ಚು ಮುಟ್ಟಿದ್ರೆ ಇನ್ನೊಂದು ಕೈನೂ ನಾನೇ ಮುರೀತೀನಿ. ಜುಂಜಣ್ಣ! ಏನ್ ನೋಡ್ತೀಯ? ನಿಮ್ಮ ಯಜಮಾನನ್ನ ಜೀಪಿಗೆ ಹಾಕು. ಇವನನ್ನ ನನ್ನ ಹಿಂದೆ ಕೂರಿಸು!"

ತನ್ನ ವೇಲನ್ನು ಹರಿದು ಅಂಜಿನೇಯನ ಕೈಗೆ ಸುತ್ತಿದಳು. ಅದೇ ವೇಲಿನ ಉಳಿದ ತುಂಡಿನಿಂದ ಅವನನ್ನು ತನ್ನ ಸೊಂಟಕ್ಕೆ ಬಿಗಿದು ಕಟ್ಟಿಕೊಂಡಳು, ಬೀಳದ ಹಾಗೆ. ಅವನ ತಲೆ ಅವಳ ಭುಜದ ಮೇಲೆ ಒರಗಿತು.

"ಮೇಡಂ... ನಿಮ್ಮ ಡ್ರೆಸ್ಸಿಗೆ ರಕ್ತ..."

"ಬಾಯಿ ಮುಚ್ಕೊಂಡು ಉಸಿರಾಡು!"

*

ರಾಂಪುರದ ಆಸ್ಪತ್ರೆಯಲ್ಲಿ ಒಂದೇ ಕೋಣೆ, ಎರಡು ಮಂಚ.

"ಏನಾಗಿದ್ದು?" ಅಂತ ಡಾಕ್ಟರು ಕೇಳಿದರು.

ಗಂಗಾಂಬಿಕಾ ಅಣ್ಣನ ಕಡೆ ತಿರುಗಿದಳು. "ಹೇಳು. ನಿಜಾನೇ ಹೇಳು. ಪೊಲೀಸ್ನೋರು ಬರ್ಲಿ."

ಅಂಜಿನೇಯ ಮಧ್ಯೆ ಬಾಯಿ ಹಾಕಿದ. "ಇಬ್ರೂ ಸ್ಕೂಟರಿಂದ ಬಿದ್ವಿ, ಸಾರ್."

"ಒಂದೇ ಸ್ಕೂಟರಿಂದಾ?"

"ಹೌದು ಸಾರ್. ದೊಡ್ಡ ಸ್ಕೂಟರು."

ಡಾಕ್ಟರು ಒಬ್ಬನ ಕೈಗೆ ಹೊಲಿಗೆ ಹಾಕಿದರು, ಇನ್ನೊಬ್ಬನ ಕೈಗೆ ಪಟ್ಟಿ ಕಟ್ಟಿದರು. ತಲೆ ಆಡಿಸುತ್ತಾ ಹೊರಗೆ ಹೋದರು.

ಆಮೇಲೆ ಪಕ್ಕದ ಮಂಚದಿಂದ, ಸೂರು ನೋಡುತ್ತಾ, ಸಂಗಮೇಶ್ ಕೇಳಿದ.

"ಕೂಸು... ಯಾರ ಥರ ಐತೆ?"

"ಮೂಗು ಅಪ್ಪಂದೇ," ಅಂದಳು ಗಂಗಾಂಬಿಕಾ. "ಕೋಪ ನಿಂದು."

ಅವನು ಗೋಡೆಯ ಕಡೆ ಮಗ್ಗುಲಾದ. ಮಂಚ ಸಣ್ಣಗೆ ಅಲ್ಲಾಡುತ್ತಿತ್ತು. ಅವಳು ನೋಡಿಯೂ ನೋಡದವಳಂತೆ ಇತ್ತ ತಿರುಗಿದಳು.

ಅಂಜಿನೇಯ ತೆರೆದಿದ್ದ ಒಂದೇ ಕಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದ.

"ಬಾಗಿಲು ತಟ್ಟಿ ಒಂದು ಮಾತು ಹೇಳಿ ಹೋಗಬಾರ್ದಿತ್ತಾ?" ಅಂದಳು ಗಂಗಾಂಬಿಕಾ. "ನೀನು ನಮ್ಮನ್ನ ಹಿಡಿದುಕೊಟ್ಟೆ ಅಂದ್ಕೊಂಡೆ ಕಣೋ. ನಿನ್ನ ಕೊಲ್ಲಬೇಕು ಅಂದ್ಕೊಂಡೆ..."

"ಜೀಪು ಕ್ರಾಸಿಗೆ ಬರೋದ್ರೊಳಗೆ ನಾನು ಕ್ರಾಸ್ ದಾಟಬೇಕಿತ್ತು. ಅದೂ ಅಲ್ದೆ... ನಿಮ್ಮ ಮುಖ ನೋಡಿದ್ರೆ ಹೋಗಾಕೆ ಮನಸ್ಸು ಬರ್ತಿರಲಿಲ್ಲ."

"ಸತ್ತೋಗಿದ್ರೆ?"

"ಪೆಟ್ಟಿಗೆ ಇತ್ತಲ್ಲ. ಎಲ್ಲಿದೀನಿ ಅಂತ ಹೇಳ್ತಿತ್ತು."

ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣೀರು ಅವನ ಕೆನ್ನೆಯ ಮೇಲೆ ಬಿತ್ತು.

"ನಂಗೆ ಪೆಟ್ಟಿಗೆ ಹೇಳೋದು ಬೇಡ. ನೀನೇ ಬೇಕು. ಕೇಳಿಸ್ತಾ? ಅಣ್ಣ ಕೇಳಿಸ್ಕೊಂಡ್ರೂ ಕೇಳಿಸ್ಕೊಳ್ಳಲಿ!"

ಪಕ್ಕದ ಮಂಚ ಅಲ್ಲಾಡುವುದು ನಿಂತಿತು.

ಅವನ ಹರಿದ ಅಂಗಿಯ ಜೇಬಿನೊಳಗೆ ಅವಳು ಬೆರಳಾಡಿಸಿದಳು. ಯಾವಾಗಲೂ ಇರುವ ವಿಭೂತಿ ಗಟ್ಟಿ ಪುಡಿಯಾಗಿ ಸಿಕ್ಕಿತು. ಮೂರು ಬೆರಳಲ್ಲಿ ತೆಗೆದು, ಬಾತ ಕಣ್ಣಿನ ಮೇಲೆ ಅವನ ಹಣೆಗೆ ಮೂರು ಪಟ್ಟೆ ಎಳೆದಳು. ಪೆಟ್ಟಿಗೆಯಿಂದ ಬಿಚ್ಚಿ ತಂದಿದ್ದ ಕೆಂಪು ದಾರವನ್ನು ಅವನ ಮಣಿಕಟ್ಟಿಗೆ ಕಟ್ಟಿದಳು.

"ಏನಿದು, ಮೇಡಂ?"

"ಮೇಡಂ ಅನ್ಬೇಡ. ಗಂಗಾ ಅನ್ನು."

"ಏನಿದು... ಗಂಗಾ?"

"ನನ್ನ ಫಿಟಿಂಗು."

ಅವನ ಒಡೆದ ತುಟಿ ನಕ್ಕಿತು, ನೋವಿಗೆ ಮುಲುಗಿತು, ಮತ್ತೆ ನಕ್ಕಿತು.

"ಬಿಚ್ಚಿಕೊಂಡು ಬಿದ್ರೆ?"

"ಹೆಂಗೆ ಬಿಚ್ತೈತೆ?" ಅವಳು ಅವನ ಹರಿದ ಕಿವಿಯ ಹತ್ತಿರ ಬಗ್ಗಿದಳು. "ಸ್ಪ್ಯಾನರ್ ನನ್ನ ಹತ್ರ ಐತೆ."